ರಾಯಚೂರು ಕಡೆ ಎರೆ ಹೊಲದಾಗ ಆರ್ಕಿಟೆಕ್ಚರ್ ಕಾಲೇಜು: ಸ್ಟುಡಿಯೋ ಕಟ್ಟಡ ಹೆಂಗಿರಬೇಕು? (ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು)

ನೀಲನಕಾಶೆ
ಐದನೇ ವರ್ಷದ ಥೀಸಿಸ್‌ಗೆ ತಯಾರಾದ ಬ್ರೀಫ್ (ಕಟ್ಟಡದ ಬೇಡಿಕೆ ಪಟ್ಟಿ) ಇದು. ರಾಯಚೂರು–ಸಿಂಧನೂರು ರಸ್ತೆಗೆ ಹೊಂದಿಕೊಂಡ 10 ಎಕರೆ ಎರೆ ಹೊಲ, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು. ಒಂದು ವಿಶ್ವವಿದ್ಯಾಲಯದ ಕಾಲೇಜು, ನಾಲ್ಕು ವಿಭಾಗ: ವಾಸ್ತುಶಿಲ್ಪ, ನಗರ ಯೋಜನೆ, ಲ್ಯಾಂಡ್‌ಸ್ಕೇಪ್, ಕಲೆ ಮತ್ತು ವಿನ್ಯಾಸ. ಬಿ.ಆರ್ಕ್‌ಗೆ (ವಾಸ್ತುಶಿಲ್ಪ ಪದವಿ) ವರ್ಷಕ್ಕೆ 40 ಮಂದಿ, ಉಳಿದವು ಅದಕ್ಕಿಂತ ಚಿಕ್ಕವು. ಎರಡು ಅಂತಸ್ತು ಸಾಕು.

ಈಗಿರುವ ಸ್ಕೀಮ್: ಪೂರ್ವ-ಪಶ್ಚಿಮ ಉದ್ದದ ಬ್ಲಾಕ್, ಸ್ಟುಡಿಯೋಗಳೆಲ್ಲ (ನಕ್ಷೆ ಬಿಡಿಸುವ ತರಗತಿ ಕೋಣೆಗಳು) ಉತ್ತರಕ್ಕೆ, ಉತ್ತರದ ಗೋಡೆ ಪೂರ್ತಿ ಗಾಜು, ಮುಂದೆ ಲಾನ್. ಜ್ಯೂರಿಯಲ್ಲಿ (ಪರೀಕ್ಷಕರೆದುರಿನ ಮಂಡನೆ) ಎಲ್ಲಿ ಸಿಕ್ಕಿಬೀಳಬಹುದು, ಈಗಲೇ ಹೇಳಿ.

ಬಿಸಿಲುನಾಡು
ಮೊದಲ ಪೆಟ್ಟು ಉತ್ತರದ ಗಾಜಿಗೇ. "ಉತ್ತರದ ಬೆಳಕು ಅಂದರೆ ಬಿಸಿಲಿಲ್ಲದ ಬೆಳಕು" ಅನ್ನೋದು ನಡುಹಗಲಿನ ಮಟ್ಟಿಗೆ ಲಂಡನ್‌ಗೂ ದಿಲ್ಲಿಗೂ ಸರಿ. ರಾಯಚೂರು ಇರೋದು 16 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ಬಳ್ಳಾರಿ ಮತ್ತು ಕೊಪ್ಪಳ 15ರ ಆಚೀಚೆ. ಸೂರ್ಯ 23.4 ಡಿಗ್ರಿವರೆಗೆ ಉತ್ತರಕ್ಕೆ ಹೋಗುತ್ತಾನೆ. ಅಂದರೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನದ ಬಿಸಿಲು ನಮಗೆ ಬೀಳೋದೇ ಉತ್ತರದಿಂದ. ಜೂನ್ 21ಕ್ಕೆ ಸೂರ್ಯ ಹುಟ್ಟೋದು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು, ಮುಳುಗೋದೂ ಪಶ್ಚಿಮದಿಂದ ಅಷ್ಟೇ ಸರಿದು. ದಿನವಿಡೀ ಒಂದು ಕ್ಷಣವೂ ದಕ್ಷಿಣಕ್ಕೆ ಬರಲ್ಲ. ಬೆಳಿಗ್ಗೆ 7ಕ್ಕೆ ಓರೆಯಾಗಿ ಒಳನುಗ್ಗಿ ಡ್ರಾಯಿಂಗ್ ಬೋರ್ಡ್ ಮೇಲೆ ಸೆಟ್‌ಸ್ಕ್ವೇರ್ ನೆರಳು ಎಳೆಯುತ್ತೆ.

ಉತ್ತರಕ್ಕೆ ಗಾಜು ಬೇಡ ಅಂತಲ್ಲ, ಬರಿಗಾಜು ಬೇಡ. ಲೆಕ್ಕ ಹೀಗೆ:

ಹುಟ್ಟುವ ಬಿಸಿಲು ಕಿಟಕಿಯಿಂದ ನೇರ ಉತ್ತರಕ್ಕೆ ಎಳೆದ ಗೆರೆಯಿಂದ ಸುಮಾರು 66 ಡಿಗ್ರಿ ಓರೆ. 66ರ ಟ್ಯಾನ್ ಬೆಲೆ 2.25. ಹಾಗಾಗಿ ನಿಲುವು ಫಿನ್‌ಗಳ (ಕಿಟಕಿಯಿಂದ ಹೊರಚಾಚಿ ನಿಂತ ನೆರಳುಹಲಗೆ) ನಡುವಿನ ಅಂತರ ಅವುಗಳ ಆಳದ 2.25 ಪಟ್ಟು ಮೀರಬಾರದು. 1 ಮೀಟರ್‌ಗೊಂದು ಫಿನ್ ಇಟ್ಟರೆ ಆಳ 45 ಸೆಂ.ಮೀ. ನಡುಹಗಲಿನ ಬಿಸಿಲಿಗೆ ಮೇಲೆ 60 ಸೆಂ.ಮೀ. ಚಜ್ಜಾ. ಎರಡೂ ಬೇಕು. ಚಜ್ಜಾ ಒಂದೇ ಇದ್ದರೆ ಬೆಳಗು-ಸಂಜೆ ಬಿಸಿಲು ಒಳಗೆ, ಫಿನ್ ಒಂದೇ ಇದ್ದರೆ ಮಧ್ಯಾಹ್ನ ಒಳಗೆ.

ದಕ್ಷಿಣದ ಗೋಡೆಗೆ ಇದಕ್ಕಿಂತ ಸಲೀಸು. ಕಿಟಕಿ ಎತ್ತರ 1.2 ಮೀ., ಚಜ್ಜಾ 60 ಸೆಂ.ಮೀ. ಇದ್ದರೆ, ಸೂರ್ಯನ ಎತ್ತರ 63 ಡಿಗ್ರಿಗಿಂತ ಮೇಲಿರುವಷ್ಟು ಕಾಲ ಮಧ್ಯಾಹ್ನದಲ್ಲಿ ಇಡೀ ಗಾಜು ನೆರಳಲ್ಲಿರುತ್ತೆ. ಹೆಚ್ಚುಕಮ್ಮಿ ಫೆಬ್ರವರಿ ಮೂರನೇ ವಾರದಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಉಳಿದ ಚಳಿಗಾಲದಲ್ಲಿ ಒಂದಿಷ್ಟು ಒಳಬಂದರೆ ಬರಲಿ.

ಪಶ್ಚಿಮಕ್ಕೆ ಸ್ಟುಡಿಯೋ ಕೊಡಬೇಡಿ. ಶೌಚಾಲಯ, ಮೆಟ್ಟಿಲು, ಸ್ಟೋರು ಅಲ್ಲಿಗೆ ದಬ್ಬಿ.

ಎರೆಮಣ್ಣು
ಬೆಳಕು ಆಮೇಲೆ ನೋಡ್ರಿ, ಮೊದಲು ಕಾಲಡಿ ನೋಡ್ರಿ. ಎರೆ ಹೊಲ ಅಂದ ಮ್ಯಾಲೆ ಪಾಯದ ಮಾತೇ ಮೊದಲು ಬರಬೇಕಿತ್ತು, ಬ್ರೀಫ್‌ನಾಗ ಒಂದು ಸಾಲೂ ಇಲ್ಲ.

ಮಣ್ಣು ಎಷ್ಟು ಉಬ್ಬತದ ಅಂತ ತಿಳಿಯಾಕ ದೊಡ್ಡ ಲ್ಯಾಬ್ ಬೇಕಿಲ್ಲ. ಒಣಗಿಸಿದ ಮಣ್ಣನ್ನ 425 ಮೈಕ್ರಾನ್ ಜರಡಿ ಹಿಡೀರಿ. 10 ಗ್ರಾಂನ ಎರಡು ಪಾಲು ತೂಗ್ರಿ. ಎರಡು 100 ಮಿ.ಲೀ. ಅಳತೆಗೊಳವಿ, ಒಂದರಾಗ ಭಟ್ಟಿ ಇಳಿಸಿದ ನೀರು, ಇನ್ನೊಂದರಾಗ ಸೀಮೆಎಣ್ಣಿ. ಒಂದೊಂದು ಪಾಲು ಸುರುವಿ, ಗಾಜಿನ ಕಡ್ಡಿಯಿಂದ ಮೆಲ್ಲಗೆ ತಿರುವಿ ಗಾಳಿಗುಳ್ಳೆ ಬಿಡಿಸಿ, 24 ತಾಸು ಅಲುಗಾಡಿಸದಂಗ ಇಡ್ರಿ. ಸೀಮೆಎಣ್ಣ್ಯಾಗ ಮಣ್ಣು ಉಬ್ಬಂಗಿಲ್ಲ. ನೀರಿನ ಗಾತ್ರದಾಗ ಸೀಮೆಎಣ್ಣಿ ಗಾತ್ರ ಕಳೆದು, ಸೀಮೆಎಣ್ಣಿ ಗಾತ್ರದಿಂದ ಭಾಗಿಸಿ, ನೂರರಿಂದ ಗುಣಿಸಿದರ ಉಬ್ಬುವಿಕೆ ಶೇಕಡಾವಾರು ಬಂತು. 50 ದಾಟಿತು ಅಂದ್ರ ಸಾದಾ ಪಾಯದ ಮಾತು ಬಿಡ್ರಿ. ಭಾರತೀಯ ಮಾನಕ 2720ರ 40ನೇ ಭಾಗದಾಗ ಇದೇ ವಿಧಾನ ಅದ. ಮಾದರಿ ಮಾತ್ರ ಮೇಲ್ಮಣ್ಣಿಂದ ತಗೀಬ್ಯಾಡ್ರಿ, 1 ಮೀ. ಮತ್ತು 2 ಮೀ. ಆಳದಿಂದ ಬ್ಯಾರೆ ಬ್ಯಾರೆ ತಗೀರಿ.

ಪಾಯಕ್ಕ ನನ್ನ ಮತ ಅಂಡರ್‌ರೀಮ್ಡ್ ಪೈಲ್, ಅಂದ್ರ ತಳದಾಗ ಗಡ್ಡಿಯಂಗ ಅಗಲಾದ ಕಾಂಕ್ರೀಟ್ ಕಂಬ. ಕಾಂಡ 30 ಸೆಂ.ಮೀ., ತಳದ ಗಡ್ಡಿ ಅದರ ಎರಡೂವರೆ ಪಟ್ಟು, ಅಂದ್ರ 75 ಸೆಂ.ಮೀ., ಆಳ 3.5 ಮೀಟರಿಗೆ ಕಮ್ಮಿ ಬ್ಯಾಡ. ಬ್ಯಾಸಗ್ಯಾಗ ಬಿರಿದು ಮಳಿಗಾಲದಾಗ ಉಬ್ಬೋದು ಮೇಲಿನ ಪದರ. ಗಡ್ಡಿ ಕುಂದ್ರೋದು ಆ ಏರಿಳಿತದ ಕೆಳಗ.

ಜಲ್ಲಿ-ಮೊರಂ
@ಎರೆಮಣ್ಣು, ಕಾಲುವೆ ಅಚ್ಚುಕಟ್ಟಿನಲ್ಲಿ ಅಂಡರ್‌ರೀಮ್ಡ್ ಪೈಲ್ ಅಷ್ಟು ಸುಲಭಕ್ಕೆ ಬರಲ್ಲ. ಭತ್ತಕ್ಕೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಮೇಲಕ್ಕೆ ಬಂದಿರುತ್ತೆ. ಪೈಲ್‌ಗೆ ತೋಡಿದ ಗುಂಡಿಯಲ್ಲಿ ನೀರು ಸೇರಿ ಗಡ್ಡೆಯ ಬಾಯಿ ಕುಸಿದರೆ ಮೇಲೆ ನಿಂತವರಿಗೆ ಕಾಣಿಸೋದೇ ಇಲ್ಲ. ಕಾಂಕ್ರೀಟ್ ಹೋಗಿ ಬೀಳೋದು ಕೆಸರಿನ ಮೇಲೆ. ಗುಂಡಿಯ ಗೋಡೆ ಕುಸಿಯದಂತೆ ಹಿಡಿಯೋ ಬೆಂಟೊನೈಟ್ ಜೇಡಿ ದ್ರಾವಣ, ಕಾಂಕ್ರೀಟನ್ನ ತಳಕ್ಕೇ ಇಳಿಸೋ ಟ್ರೆಮಿ ಕೊಳವೆ ಎರಡೂ ಇಲ್ಲದೆ ಕೈಹಾಕಬಾರದು. ಕಾಲುವೆ ನಿಂತ ಮೇಲೆ, ಬೇಸಿಗೆಯ ನಡುವೆ ಪೈಲ್ ಕೆಲಸ ಮುಗಿಸಿಕೊಳ್ಳೋದು ಜಾಣತನ.

ಬದಲಿಗೆ ಉಬ್ಬದ ಮಣ್ಣಿನ ಪದರ, ಅಂದರೆ ಸಿಎನ್‌ಎಸ್. ಮುಂಬೈ ಐಐಟಿಯ ಆರ್.ಕೆ. ಕಟ್ಟಿ ಅವರು ರೂಪಿಸಿದ ಪದ್ಧತಿ, ಮಲಪ್ರಭಾ ಕಾಲುವೆಯಲ್ಲಿ ಬಳಸಿದ್ದು. ಎರೆ ತೆಗೆದು 1 ಮೀ. ದಪ್ಪ ಒಳ್ಳೆಯ ಮೊರಂ (ಗರಸು ಮಣ್ಣು), 20 ಸೆಂ.ಮೀ. ಪದರಗಳಲ್ಲಿ, ಪ್ರಾಕ್ಟರ್ ಸಾಂದ್ರತೆಯ (ಲ್ಯಾಬ್ ಪರೀಕ್ಷೆಯಲ್ಲಿ ಸಿಗುವ ಗರಿಷ್ಠ ಒಣ ಸಾಂದ್ರತೆ) ಶೇ 95ಕ್ಕೆ ದಮ್ಮಸ್ಸು. "ಮೊರಂ" ಅಂತ ಬಂದದ್ದೆಲ್ಲ ಮೊರಂ ಅಲ್ಲ. ಸ್ವಲ್ಪ ಜಿಗುಟು ಇರಬೇಕು, ಉಬ್ಬಬಾರದು. ಬರೀ ಮರಳು ತುಂಬಿದರೆ ಕೆಲಸ ಕೆಟ್ಟಿತು: ಅದು ನೀರನ್ನ ನೇರ ಎರೆಗೆ ಇಳಿಸೋ ಜರಡಿ ಆಗುತ್ತೆ.

ಎರೆಮಣ್ಣು
1,200 ಚದರ ಮೀಟರ್ ತಳಕ್ಕ 1 ಮೀ. ಅಂದ್ರ 1,200 ಘನ ಮೀಟರ್, ದಮ್ಮಸ್ಸಿಗೆ ಕುಗ್ಗೋದು ಸೇರಿಸಿ 1,500 ಮ್ಯಾಲೇ ಆತು. 2 ಬ್ರಾಸ್ (ಬ್ರಾಸ್ ಅಂದ್ರ 100 ಘನ ಅಡಿ) ಟಿಪ್ಪರ್‌ನಾಗ 270 ಟ್ರಿಪ್! ಅಷ್ಟು ಮೊರಂ ತರಾಕ ಯಾವ ಗುಡ್ಡ ಅಗೀತೀರಿ?

ಜಲ್ಲಿ-ಮೊರಂ
ಆ ಲೆಕ್ಕ ಒಪ್ಪಿದೆ. ಆದರೆ ಬರೀ ಪೈಲ್ ಹಾಕಿದವರ ಕಟ್ಟಡಗಳಲ್ಲಿ ಒಂದು ಗುರುತು ನೋಡಿ: ಗೋಡೆ ನೆಟ್ಟಗೆ, ನೆಲ ಮಾತ್ರ ನಡುವೆ ಬೆನ್ನುಬ್ಬಿದ್ದು, ಗ್ರಾನೈಟ್ ಹಾಸು ಗೋಡೆಯಂಚಿಗೆ ಸೀಳಿದ್ದು. ಪೈಲ್ ಹೊರೋದು ಗೋಡೆಯನ್ನ. ನೆಲ ಕೂತಿರೋದು ಅದೇ ಎರೆ ಮೇಲೆ. ಒಂದೋ ನೆಲಮಹಡಿಗೂ ಬೀಮ್ ಮೇಲೆ ತೂಗಿದ ಸ್ಲ್ಯಾಬ್, ಇಲ್ಲಾ ಪೈಲ್ ಜೊತೆಗೆ ನೆಲದಡಿ ಮೊರಂ ಪದರ. ಮಾದರಿ ತಯಾರಿಕೆಯ ಕೋಣೆಯಲ್ಲಿ ಭಾರದ ಯಂತ್ರ ನಿಲ್ಲುತ್ತವೆ, ಅಲ್ಲಿ ಈ ಖರ್ಚು ಉಳಿಸಬೇಡಿ. ಇಡೀ ಕಾಲೇಜನ್ನ ಕೊಪ್ಪಳ-ಗಂಗಾವತಿ ಕಡೆಯ ಕಲ್ಲುನೆಲಕ್ಕೆ ಒಯ್ದರೆ ಈ ಚರ್ಚೆಯೇ ಬೇಕಾಗಿರಲಿಲ್ಲ. ಸ್ವಲ್ಪ ಅಗೆದರೆ ಬಂಡೆ, ಸೈಜುಗಲ್ಲಿನ ಪಾಯ ಸಾಕು.

ನೀಲನಕಾಶೆ
ಜಾಗ ಬದಲಿಸುವ ಹಾಗಿಲ್ಲ. ಪೈಲ್ + ತೂಗುನೆಲ ಅಂತ ಇಟ್ಟುಕೊಳ್ಳುವೆ. ಮಾಳಿಗೆ ಬಗ್ಗೆ? ಊರ ಮಣ್ಣಿನ ಮಾಳಿಗೆ ಮನೆಗಳ ತಂಪು ನೋಡಿ ಸ್ಟುಡಿಯೋಕ್ಕೂ ದಪ್ಪ ಮಣ್ಣಿನ ಮೇಲ್ಮುದ್ದೆ ಕೊಡುವ ಆಸೆ.

ಬೆಳಕಿಂಡಿ
ಮೊದಲು ಮಾಳಿಗೆ ಮನೆಯ ಪದರ ಸರಿಯಾಗಿ ಬರೆದುಕೊಳ್ಳಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗೆ ಅಡ್ಡ ಜಂತಿ, ಅದರ ಮೇಲೆ ಹಲಗೆ ಅಥವಾ ಕಲ್ಲುಚಪ್ಪಡಿ ಅಥವಾ ಒತ್ತಾಗಿ ಹರವಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಬಹಳ ಕಡೆ ಬೇವಿನದು, ಗೆದ್ದಲಿಗೆ. ಆಮೇಲೆ ಒಂದು ಗೇಣು ಮಣ್ಣು, ಕಡೆಗೆ ತೆಳ್ಳಗೆ ಸವಳುಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸವಳುಮಣ್ಣು ಹೊಸದಾಗಿ ಹಾಕಿ ಬಡಿಯೋದು. ಕೆಡೋದೂ ಅಲ್ಲೇ. ಹಳೆಯದನ್ನ ಕೆರೆದು ತೆಗೆಯದೆ ವರ್ಷಾ ವರ್ಷಾ ಪೇರಿಸುತ್ತಾ ಹೋದರೆ ಹೊರೆ ಏರುತ್ತೆ. 25 ಸೆಂ.ಮೀ. ಒದ್ದೆ ಮಣ್ಣು ಚದರ ಮೀಟರ್‌ಗೆ 450 ಕೆ.ಜಿ. ತೂಗುತ್ತೆ, ಆರೇಳು ಮಂದಿ ಒಂದು ಮೀಟರ್ ಜಾಗದಲ್ಲಿ ಒತ್ತಿ ನಿಂತಂತೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೊದಲೇ ತೇವಕ್ಕೆ ಮೆತ್ತಗಾಗಿದ್ದರೆ ಕುಸಿತ ಶುರುವಾಗೋದು ಅಲ್ಲಿಂದ. ಅಳತೆಗೆ ಹೋದಾಗ ತೊಲೆಯ ನಡುವಲ್ಲ, ಗೋಡೆ ಸೇರುವ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು.

ಇನ್ನು ಸ್ಟುಡಿಯೋಕ್ಕೆ ಅದು ಹೊಂದುತ್ತಾ? ದಪ್ಪ ಮಣ್ಣು ಮಾಡೋದು ಬಿಸಿಲನ್ನ ತಡೆಯೋದಲ್ಲ, ತಡ ಮಾಡೋದು. ಮಧ್ಯಾಹ್ನ ಹೀರಿದ ಕಾವು ಒಳಗೆ ಇಳಿಯೋದು ರಾತ್ರಿ. ಮನೆಯವರು ಬೇಸಿಗೆಯಲ್ಲಿ ಮಾಳಿಗೆ ಮೇಲೆ, ಅಂಗಳದಲ್ಲಿ ಮಲಗೋದರಿಂದ ಅದು ನಡೆಯಿತು. ಆರ್ಕಿಟೆಕ್ಚರ್ ಸ್ಟುಡಿಯೋ ನಿಜವಾಗಿ ತುಂಬೋದು ಸಂಜೆ ಆರರ ಮೇಲೆ, ಸಬ್ಮಿಶನ್ ವಾರದಲ್ಲಿ ಬೆಳಗಿನವರೆಗೆ. ಒಳಗೆ ಕಾವು ಇಳಿಯುವ ಹೊತ್ತೂ ಅದೇ! ಸ್ಟುಡಿಯೋಕ್ಕೆ ಬೇಕಾದ್ದು ಕಾವನ್ನ ಒಳಗೇ ಬಿಡದ ಮಾಳಿಗೆ: ಸ್ಲ್ಯಾಬ್ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಕಾವು ತಡೆಯುವ ಗಟ್ಟಿ ಫೋಮ್), ಮೇಲೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ ಚೂರಿನ ಹಾಸು). ಚೈನಾ ಮೊಸಾಯಿಕ್ ತೊಳೆಯದೆ ಬಿಟ್ಟರೆ ಈ ಕಡೆಯ ಕೆಂಪು ಧೂಳಿಗೆ ಒಂದೇ ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಅರ್ಧ ಗುಣ ಕಳೆದುಕೊಳ್ಳುತ್ತೆ. ಮಾಳಿಗೆ ಮೇಲೊಂದು ನಲ್ಲಿ, ಹತ್ತಲು ಸರಿಯಾದ ಮೆಟ್ಟಿಲು ಮರೆಯಬೇಡಿ. ಏಣಿ ಇಟ್ಟರೆ ಯಾರೂ ಹತ್ತಲ್ಲ.

ಮೇಲ್ಮುದ್ದೆ ಆಸೆ ಇದ್ದರೆ ಲೈಬ್ರರಿಗೆ ಕೊಡಿ. ಅದು ಸಂಜೆಗೆ ಮುಚ್ಚುತ್ತೆ.

ಬಿಸಿಲುನಾಡು
ಇದು ನ್ಯಾಯವಾದ ಮಾತು. ಸ್ಟುಡಿಯೋದ ಒಳಗಿನ ಅಳತೆ ಸೇರಿಸುವೆ. ಎ1 ಹಾಳೆಗೆ ಬೇಕಾದ ಬೋರ್ಡ್ 1000×700 ಮಿ.ಮೀ. ಮೇಜು 1.2×0.75 ಮೀ., ಹಿಂದೆ ಸ್ಟೂಲಿಗೆ 90 ಸೆಂ.ಮೀ., ಪಕ್ಕದಲ್ಲಿ ಓಡಾಟ, ಎಲ್ಲ ಸೇರಿ ಒಬ್ಬರಿಗೆ 4 ಚ.ಮೀ. ಕನಿಷ್ಠ. 40 ಮಂದಿಗೆ 160, ಗೋಡೆಗೆ ಹಾಳೆ ಅಂಟಿಸಿ ಜ್ಯೂರಿ ನಡೆಸಲು ಇನ್ನೊಂದು 40. ಬೋರ್ಡ್ ಮೇಲೆ 500ರಿಂದ 750 ಲಕ್ಸ್ ಬೆಳಕು. ಬಲಗೈಯವರಿಗೆ ಬೆಳಕು ಎಡದಿಂದ, ಎಡಗೈಯವರಿಗೆ ಎದುರು ಸಾಲಿನಲ್ಲಿ ತಿರುಗಿಸಿಟ್ಟ ನಾಲ್ಕು ಮೇಜು. ಕಿಟಕಿಯ ಕೆಳಬಾಯಿ ಮೇಜಿನ ಮಟ್ಟಕ್ಕಿಂತ ಒಂದು ಗೇಣಾದರೂ ಮೇಲಿರಲಿ. ಇಲ್ಲದಿದ್ದರೆ ಜೂನ್-ಜುಲೈ ಗಾಳಿಗೆ ಬಟರ್‌ಪೇಪರ್ ಹೊರಗಿನ ಜಾಲಿಗಿಡದಲ್ಲಿ ಹುಡುಕಬೇಕು.

ಬನ್ನಿಗಿಡ
ಲಾನ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲವಲ್ಲ. ಲ್ಯಾಂಡ್‌ಸ್ಕೇಪ್ ವಿಭಾಗ ಇರುವ ಕಾಲೇಜಿನ ಮುಂದೆ ಲಾನ್ ಅಂದರೆ ಆ ವಿಭಾಗಕ್ಕೇ ಅವಮಾನ.

ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳ ಮಳೆ ಸ್ಥೂಲವಾಗಿ 500ರಿಂದ 650 ಮಿ.ಮೀ. ನಡುವೆ ಹಿಡಿಯಿರಿ. 1,000 ಚ.ಮೀ. ಮಾಳಿಗೆ, 550 ಮಿ.ಮೀ. ಮಳೆ, ಶೇ 80 ಹಿಡಿತ: ವರ್ಷಕ್ಕೆ 4.4 ಲಕ್ಷ ಲೀಟರ್. 1,000 ಚ.ಮೀ. ಲಾನ್‌ಗೆ ದಿನಕ್ಕೆ ಚದರ ಮೀಟರ್‌ಗೆ 5 ಲೀಟರ್‌ನಂತೆ ಒಣ ತಿಂಗಳ 150 ದಿನ: 7.5 ಲಕ್ಷ ಲೀಟರ್. ಇಡೀ ಮಾಳಿಗೆಯ ನೀರು ಸುರಿದರೂ ಹುಲ್ಲಿನ ಬಾಯಾರಿಕೆ ತೀರಲ್ಲ. ಅದೇ 100 ಸಸಿಗೆ ವಾರಕ್ಕೆ 40 ಲೀಟರ್‌ನಂತೆ 20 ವಾರ ಕೊಟ್ಟರೆ 80 ಸಾವಿರ ಲೀಟರ್. ಎರಡು-ಮೂರು ಬೇಸಿಗೆ ದಾಟಿದರೆ ಬೇವು, ಹೊಂಗೆ, ಬನ್ನಿ, ಕಮರ ತಮ್ಮ ಪಾಡು ತಾವು ನೋಡಿಕೊಳ್ಳುತ್ತವೆ.

ಗುಂಡಿ 1×1×1 ಮೀ., ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಮೊದಲ ಎರಡು ಹದಮಳೆ ಆದ ಮೇಲೆ ನೆಡಿ. ಎರೆಯಲ್ಲಿ ತೋಡಿದ ಗುಂಡಿಗೆ ಬರೀ ಕೆಂಪು ಮಣ್ಣು-ಗೊಬ್ಬರ ತುಂಬಿದರೆ ಮಳೆಗಾಲದಲ್ಲಿ ಅದು ತೊಟ್ಟಿ. ಸುತ್ತಲ ಎರೆ ನೀರು ಹೀರಲ್ಲ, ಬೇರು ಕೊಳೆಯುತ್ತೆ. ಅಗೆದ ಎರೆಯನ್ನೇ ಅರ್ಧ ಬೆರೆಸಿ, ಸಸಿಯನ್ನ ನೆಲಮಟ್ಟಕ್ಕಿಂತ ಸ್ವಲ್ಪ ದಿಬ್ಬದ ಮೇಲೆ ಕೂರಿಸಿ.

ಎರೆಮಣ್ಣು
ಮರ ಹಚ್ಚೋರಿಗೆ ಒಂದು ಮಾತು. ಎರಿ ಭೂಮ್ಯಾಗ ಗೋಡಿ ಮಗ್ಗಲ ಬೇವಿನ ಗಿಡ ಬ್ಯಾಡ. ಬ್ಯಾಸಗ್ಯಾಗ ಬೇರು ಪಾಯದ ಕೆಳಗಿನ ಹಸಿ ಎಳೀತದ, ಆ ಮೂಲಿ ಕುಂದ್ರತದ, ಗೋಡಿ ಓರೆಯಾಗಿ ಬಿರೀತದ. ಬೆಳದು ನಿಂತಾಗ ಮರ ಎಷ್ಟು ಎತ್ತರ ಆಗತದೋ ಅಷ್ಟು ದೂರ ಇಡ್ರಿ. ಗೋಡಿ ಸುತ್ತ 1.5ರಿಂದ 2 ಮೀ. ಅಗಲ ಕಾಂಕ್ರೀಟ್ ಹಾಸು, ಹೊರಗ ಇಳಿಜಾರು. ಹೂವಿನ ಪಾತಿ ಗೋಡಿಗೆ ಅಂಟಿಸಬ್ಯಾಡ್ರಿ, ದಿನಾ ನೀರುಣಿಸಿದ ಮೂಲಿ ಉಬ್ಬತದ.

ಬನ್ನಿಗಿಡ
ಹಾಗಾದರೆ ಪಶ್ಚಿಮದ ಗೋಡೆಗೆ ನೆರಳು? 12 ಮೀ. ದೂರದ ಮರ ಸಂಜೆ ನಾಲ್ಕರ ಓರೆಬಿಸಿಲಿಗೆ ನೆರಳು ತಲುಪಿಸುತ್ತೆ, ಅಲ್ಲಿಯವರೆಗೆ ಗೋಡೆಯಿಂದ 60 ಸೆಂ.ಮೀ. ಆಚೆ ಬಿದಿರು ಅಥವಾ ಕಬ್ಬಿಣದ ಚೌಕಟ್ಟಿಗೆ ಬಳ್ಳಿ, ಕುಂಡದಿಂದ ಹಬ್ಬಿಸಿದ್ದು. ನೆಲದಿಂದಲ್ಲ. ಇದಕ್ಕೆ ನಿಮ್ಮ ತಕರಾರು ಇರಲಾರದು.

ಎರೆಮಣ್ಣು
ಇಲ್ಲ.

ಕಿಟ್ಟ
ಕಲಾ ವಿಭಾಗವನ್ನ ಇಲ್ಲಿ ಮೂಲೆಗೆ ತಳ್ಳಿದ್ದೀರಿ, ಯಾವಾಗಿನ ಹಾಗೆ. ಅದರ ಬೇಡಿಕೆ ಹೆಚ್ಚು ಕಟ್ಟುನಿಟ್ಟಿನದು.

ಸಿಂಕಿನ ನೀರು ನೇರ ಚರಂಡಿಗೆ ಹೋಗಬಾರದು. ಜೇಡಿಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್ ಕೈ ತೊಳೆದ ನೀರು ಮೂರು ಕೋಣೆಯ ತೊಟ್ಟಿ ಹಾದುಹೋಗಲಿ, ಒಂದೊಂದು ಕೋಣೆ 60×60×60 ಸೆಂ.ಮೀ. ಸಾಕು. ಪ್ಲಾಸ್ಟರ್ ನೀರಿನೊಳಗೂ ಗಟ್ಟಿಯಾಗುತ್ತೆ. ಒಮ್ಮೆ ಪೈಪಿನಲ್ಲಿ ಕೂತರೆ ರಾಡು ಹಾಕಿದರೂ ಬರಲ್ಲ, ಪೈಪೇ ಬದಲಿಸಬೇಕು. ಮರಗೆಲಸದ ಧೂಳು ಮತ್ತು ಬಣ್ಣದ ಸ್ಪ್ರೇ ಒಂದೇ ಕೋಣೆಯಲ್ಲಿ ಬೇಡ. ಹಸಿ ವಾರ್ನಿಷ್‌ಗೆ ಧೂಳು ಕೂತರೆ ಉಜ್ಜಿ ಮತ್ತೆ ಮೊದಲಿಂದ. ಮುಂಗಾರಿನ ಗಾಳಿ ಪಶ್ಚಿಮ-ನೈಋತ್ಯದಿಂದ, ಆದ್ದರಿಂದ ವರ್ಕ್‌ಶಾಪ್ ಕ್ಯಾಂಪಸ್‌ನ ಪೂರ್ವ ತುದಿಗೆ.

ಪಠ್ಯದ ಮಾತಿಗೆ ಬಂದರೆ, ಕೊಪ್ಪಳ ಜಿಲ್ಲೆಯ ಕಿನ್ನಾಳ ಇರುವಾಗ ಮಾದರಿ ತಯಾರಿಕೆಗೆ ಫೋಮ್‌ಬೋರ್ಡ್ ಒಂದನ್ನೇ ಕಲಿಸೋದು ಯಾಕೆ? ಅಲ್ಲಿನ ಚಿತ್ರಗಾರರ ಕ್ರಮ ಒಂದು ಸೆಮಿಸ್ಟರ್‌ಗೆ ಸಾಕಷ್ಟಾಗುತ್ತೆ. ಹಗುರ ಮರದಲ್ಲಿ ಭಾಗಗಳನ್ನ ಕೆತ್ತಿ ಹುಣಸೆ ಅಂಟಿನಿಂದ ಜೋಡಿಸೋದು. ನೆನೆಸಿ ನಾರಾಗಿಸಿದ ಸೆಣಬಿನ ಚಿಂದಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯೊಂದಿಗೆ ಕಲಸಿದ್ದೇ ಕಿಟ್ಟ. ಅದನ್ನ ಕೈಯಿಂದ ಮೈಯೆಲ್ಲ ಮೆತ್ತಿ, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿ-ಅಂಟಿನ ಲೇಪ ಕೊಟ್ಟು, ಒಣಗಿದ ಮೇಲೆ ಬಣ್ಣ. ಆಭರಣದ ಉಬ್ಬುಗೆರೆ ಬರೋದೂ ಅದೇ ಲೇಪದಿಂದ. ವಿದ್ಯಾರ್ಥಿಗಳು ಎಡವೋದು ಅವಸರದಲ್ಲಿ: ಕಿಟ್ಟ ಹಸಿ ಇರುವಾಗಲೇ ಲೇಪ ಕೊಟ್ಟರೆ ಒಳಗಿನದು ಕುಗ್ಗುತ್ತಾ ಹೋಗಿ ಮೇಲೆ ಕೂದಲೆಳೆ ಬಿರುಕು. ಮೇ ಬಿಸಿಲಿಗೆ ನೇರ ಇಟ್ಟರೂ ಅಷ್ಟೇ, ನೆರಳಲ್ಲೇ ಒಣಗಬೇಕು. ಹುಣಸೆಬೀಜದ ಸರಿ ಹೆಚ್ಚು ದಿನ ನಿಲ್ಲಲ್ಲ, ಬೂಷ್ಟು ಹಿಡಿಯುತ್ತೆ. ಬೇಕಾದಷ್ಟೇ ಕಾಯಿಸಿ.

ಜಂತಿಮನೆ
ಪ್ರವೇಶದ ಬಗ್ಗೆ ಈ ಭಾಗದ ಪಿಯುಸಿ ಮಕ್ಕಳು ಓದುತ್ತಿದ್ದರೆ ಅವರಿಗೆ ಚುಟುಕಾಗಿ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಿ.ಆರ್ಕ್‌ಗೆ ಸಿಇಟಿ ರ‍್ಯಾಂಕ್ ನಡೆಯಲ್ಲ, ನಾಟಾ (ವಾಸ್ತುಶಿಲ್ಪದ ರಾಷ್ಟ್ರೀಯ ಅಭಿರುಚಿ ಪರೀಕ್ಷೆ) ಅಂಕ ಮತ್ತು ಪಿಯುಸಿ ಅಂಕ ಸಮಪಾಲು. ಬಿ.ಆರ್ಕ್ ಐದು ವರ್ಷ, ಬಿ.ಪ್ಲಾನ್ (ಯೋಜನೆಯ ಪದವಿ) ನಾಲ್ಕು. ಕೇಂದ್ರದ ಎಸ್‌ಪಿಎಗಳಲ್ಲಿ (ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ) ನಮಗೆ ಹತ್ತಿರದ್ದು ವಿಜಯವಾಡ. ಅಲ್ಲಿ ಬಿ.ಆರ್ಕ್‌ಗೆ ಜೆಇಇ ಮುಖ್ಯ ಪರೀಕ್ಷೆಯ ಪೇಪರ್ 2ಎ, ಬಿ.ಪ್ಲಾನ್‌ಗೆ 2ಬಿ. ಬಿ.ಪ್ಲಾನ್ ಮುಗಿಸಿ "ಆರ್ಕಿಟೆಕ್ಟ್" ಅಂತ ಬೋರ್ಡ್ ಹಾಕುವಂತಿಲ್ಲ, 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಕೌನ್ಸಿಲ್‌ನ ನೋಂದಣಿ ಬೇಕು. ಲ್ಯಾಂಡ್‌ಸ್ಕೇಪ್ ನಮ್ಮಲ್ಲಿ ಬಹುತೇಕ ಸ್ನಾತಕೋತ್ತರ ಪದವಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಮೀಸಲಾತಿ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8. ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ, ಕೌನ್ಸೆಲಿಂಗ್ ವಾರದಲ್ಲಿ ಓಡಾಡದೆ ಮುಂಚೆಯೇ ಮಾಡಿಸಿ.

ನಗರ ಯೋಜನೆಯ ಸ್ಟುಡಿಯೋಕ್ಕೆ ಒಂದು ಸೂಚನೆ. ಆನೆಗೊಂದಿಯನ್ನ ಅಧ್ಯಯನಕ್ಕೆ ತಗೊಳ್ಳುವವರು ಮೊದಲು ಗೆರೆ ಎಳೆದುಕೊಳ್ಳಿ: ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀ. ನಿಷೇಧಿತ, ಅದರಾಚೆ 200 ಮೀ. ನಿಯಂತ್ರಿತ. ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಇದು. ಅದರ ಮೇಲೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವಲಯಗಳು. ಹಂಪಿ ಈಗ ವಿಜಯನಗರ ಜಿಲ್ಲೆ, ಆನೆಗೊಂದಿ ಕೊಪ್ಪಳ ಜಿಲ್ಲೆ. ನಕಾಶೆಗೆ ಎರಡು ಕಡೆ ಅಲೆಯಬೇಕು. ಈ ಗೆರೆಗಳನ್ನ ಎಳೆಯದೆ ರಿವರ್‌ಫ್ರಂಟ್ ಬಿಡಿಸಿದ ಹಾಳೆಗಳು ಜ್ಯೂರಿಯ ಮೊದಲ ಪ್ರಶ್ನೆಗೇ ಬೀಳುತ್ತವೆ.

ನೀಲನಕಾಶೆ
ಫಿನ್ 45, ತೂಗುನೆಲ, ಎಕ್ಸ್‌ಪಿಎಸ್, ಪೂರ್ವಕ್ಕೆ ವರ್ಕ್‌ಶಾಪ್, ಲಾನ್ ರದ್ದು. ಒಂದೇ ಒಂದು ಉಳಿದಿದೆ: ಪೈಲ್ ಮೇಲಿನ ಪ್ಲಿಂತ್ ಬೀಮ್‌ನ ಸೆಕ್ಷನ್ ಡ್ರಾಯಿಂಗ್‌ನಲ್ಲಿ ಬೀಮ್ ಕೆಳಗೆ ಪಿಸಿಸಿ (ಕಬ್ಬಿಣವಿಲ್ಲದ ಬರಿ ಕಾಂಕ್ರೀಟ್ ಹಾಸು) ತೋರಿಸಬೇಕಾ?

ಎರೆಮಣ್ಣು
ತೋರಸಬ್ಯಾಡ್ರಿ, ಹಾಕಾನೂಬ್ಯಾಡ್ರಿ. ಬೀಮ್ ತಳಕ್ಕೂ ಮಣ್ಣಿಗೂ ನಡುವ 75ರಿಂದ 80 ಮಿ.ಮೀ. ಸಂದು ಬೇಕು. ಮಣ್ಣು ಉಬ್ಬಿದರ ಆ ಸಂದಿನಾಗ ಉಬ್ಬಲಿ. ಪಿಸಿಸಿ ಮ್ಯಾಲೆ ಬೀಮ್ ಕುಂತರ ಉಬ್ಬಿದ ಎರಿ ಬೀಮನ್ನ ಎತ್ತತದ, ಪೈಲ್ ಕೆಳಗ ಹಿಡಕೊಂಡಿರತದ, ನಡುವ ಪೈಲಿನ ಕುತ್ತಿಗಿ ಹರೀತದ.

ಸೈಟಿನಾಗ ಮಾಡೋದು ಹಿಂಗ: ತಳಕ್ಕ ಷಟರಿಂಗ್ ಹಲಗಿ ಇಟ್ಟರ ಸಂದು ಉಳೀತದ, ಆದರ ಕಾಂಕ್ರೀಟ್ ಹಾಕಿದ ಮ್ಯಾಲೆ ಹಲಗಿ ತಗದಾರೋ ಇಲ್ಲೋ ಬಗ್ಗಿ ನೋಡ್ರಿ. ಆಮ್ಯಾಲೆ ಸಂದಿನ ಎರಡೂ ಬಾಯಿಗೆ, ಬೀಮಿಗೆ ತಾಗದಂಗ ಅಡ್ಡ ಇಟ್ಟಂಗಿ ನಿಲ್ಲಿಸ್ರಿ. ಇಲ್ಲಾಂದ್ರ ಹೊರಗಿನ ಮಣ್ಣು ತುಂಬುವಾಗ ಕೂಲಿಯವರು ಸಂದಿನಾಗೂ ಗುದ್ದಿ ತುಂಬತಾರ, ಅವರಿಗೆ ಅದು ಖಾಲಿ ಬಿಟ್ಟ ತಪ್ಪು ಕೆಲಸದಂಗ ಕಾಣತದ. ಡ್ರಾಯಿಂಗ್‌ನಾಗ ಆ ಸಂದಿಗೆ ಬಾಣ ಹಾಕಿ "ಖಾಲಿ ಬಿಡಬೇಕು, ತುಂಬಬಾರದು" ಅಂತ ದಪ್ಪ ಅಕ್ಷರದಾಗ ಕನ್ನಡದಾಗ ಬರೀರಿ.